ಡಿಜಿಟಲ್ ಭೂಮಾದರಿ: ನೆಲವನ್ನು ರೂಪಿಸುವುದು ಮತ್ತು ಕಡಿಯುವುದು

ಡಿಜಿಟಲ್ ಭೂಮಾದರಿ ಎಂದರೆ ಒಂದು ಪ್ರದೇಶದ ಏರುತಗ್ಗುಗಳನ್ನು ಎತ್ತರದ ಸಂಖ್ಯೆಗಳಾಗಿ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿರುವ ದಾಖಲೆ. ಆ ಸಂಖ್ಯೆಗಳನ್ನು ಹೆಚ್ಚಿಸಿದರೆ ಗುಡ್ಡ ಏಳುತ್ತದೆ, ತಗ್ಗಿಸಿದರೆ ಕಣಿವೆ ಬೀಳುತ್ತದೆ. ಹೆದ್ದಾರಿ, ರೈಲುಮಾರ್ಗ, ಅಣೆಕಟ್ಟು, ಗಣಿ, ಬಡಾವಣೆಗಳನ್ನು ವಿನ್ಯಾಸ ಮಾಡುವ ಎಂಜಿನಿಯರರು ಇರುವ ನೆಲವನ್ನು ಅಳೆದು, ಎಲ್ಲಿ ಎಷ್ಟು ಕಡಿಯಬೇಕು, ಎಲ್ಲಿ ಎಷ್ಟು ತುಂಬಬೇಕು ಎಂದು ಲೆಕ್ಕ ಹಾಕಲು ಇದನ್ನು ಬಳಸುತ್ತಾರೆ. ಸಿನಿಮಾ ಮತ್ತು ವಿಡಿಯೊ ಗೇಮ್ ಕಲಾವಿದರು ಎಲ್ಲೂ ಇಲ್ಲದ ನೆಲವನ್ನು ಕಟ್ಟಲು ಬಳಸುತ್ತಾರೆ. ಮಳೆ, ನದಿಗಳು ಸಾವಿರಾರು ವರ್ಷಗಳಲ್ಲಿ ನೆಲವನ್ನು ಹೇಗೆ ಸವೆಸುತ್ತವೆ ಎಂದು ತಿಳಿಯಲು ಭೂವಿಜ್ಞಾನಿಗಳಿಗೂ ಇದು ಬೇಕು. ಈ ಮೂವರ ತಂತ್ರಾಂಶಗಳು ಬೇರೆ ಬೇರೆ. ಆದರೆ ಎತ್ತುವುದು, ತಗ್ಗಿಸುವುದು, ನಯಗೊಳಿಸುವುದು, ಕಡಿಯುವುದು ಎಂಬ ಮೂಲ ಕೆಲಸಗಳು ಎಲ್ಲರಿಗೂ ಒಂದೇ. ಕೊನೆಗೆ ಎದುರಿಸಬೇಕಾದ ಪರೀಕ್ಷೆಯೂ ಒಂದೇ: ತಿದ್ದಿದ ಮೇಲೆ ಆ ನೆಲದ ಮೇಲೆ ಬಿದ್ದ ನೀರು ಹೊರಗೆ ಹರಿದುಹೋಗಲು ದಾರಿ ಉಳಿದಿದೆಯೇ?

ನೆಲದ ಆಕಾರವನ್ನು ಲೆಕ್ಕಕ್ಕೆ ಒಗ್ಗಿಸುವ ಪ್ರಯತ್ನ ಕಂಪ್ಯೂಟರಿಗಿಂತ ಬಹಳ ಹಳೆಯದು. 1770ರ ದಶಕದಲ್ಲಿ ಸ್ಕಾಟ್ಲೆಂಡಿನ ಶಿಹ್ಯಾಲಿಯನ್ ಬೆಟ್ಟದ ಅಳತೆಗಳನ್ನು ಹಿಡಿದು ಭೂಮಿಯ ಸಾಂದ್ರತೆಯನ್ನು ಲೆಕ್ಕ ಮಾಡಲು ಕುಳಿತ ಗಣಿತಜ್ಞ ಚಾರ್ಲ್ಸ್ ಹಟನ್, ಒಂದೇ ಎತ್ತರದ ಬಿಂದುಗಳನ್ನು ಗೆರೆಯಿಂದ ಜೋಡಿಸಿದರೆ ಬೆಟ್ಟದ ಆಕಾರ ಕಣ್ಣಿಗೆ ಕಟ್ಟುತ್ತದೆ ಎಂದು ಕಂಡುಕೊಂಡ. ಇಂಥ ಸಮೋಚ್ಚ ರೇಖೆಗಳ ನಕ್ಷೆಯೇ ಮುಂದೆ ಎಂಜಿನಿಯರರ ಆಧಾರವಾಯಿತು. ಅದರಲ್ಲಿ ರಸ್ತೆಯ ಗೆರೆಯನ್ನು ಸ್ವಲ್ಪ ಸರಿಸಿದರೂ ಅಡ್ಡಛೇದಗಳನ್ನೆಲ್ಲ ಮತ್ತೆ ಕೈಯಿಂದ ಬರೆದು ಮಣ್ಣಿನ ಲೆಕ್ಕವನ್ನು ಮೊದಲಿನಿಂದ ಮಾಡಬೇಕಾಗಿತ್ತು. ಈ ದುಡಿಮೆಯನ್ನು ಇಳಿಸಲೆಂದು ಅಮೆರಿಕದ ಎಂಐಟಿಯಲ್ಲಿ ಚಾರ್ಲ್ಸ್ ಮಿಲ್ಲರ್ ಮತ್ತು ರಾಬರ್ಟ್ ಲಾಫ್ಲಾಮ್ ವಿಮಾನದಿಂದ ತೆಗೆದ ಜೋಡಿ ಚಿತ್ರಗಳಲ್ಲಿ ನೆಲದ ಎತ್ತರಗಳನ್ನು ಓದಿ ಕಂಪ್ಯೂಟರಿಗೆ ಕೊಟ್ಟರು. ಹೆದ್ದಾರಿಯ ಹಲವು ಸಂಭವನೀಯ ದಾರಿಗಳನ್ನು ಅದರಿಂದ ಬೇಗ ತಾಳೆ ನೋಡಬಹುದಾಗಿತ್ತು. ಡಿಜಿಟಲ್ ಟೆರೇನ್ ಮಾಡೆಲ್ ಎಂಬ ಹೆಸರು ಬಳಕೆಗೆ ಬಂದದ್ದು ಅವರು 1958ರಲ್ಲಿ ಪ್ರಕಟಿಸಿದ ಲೇಖನದಿಂದ.

ಕಲಾವಿದರ ಕವಲು ಹುಟ್ಟಿದ್ದು ಇನ್ನೊಂದು ಕಡೆಯಿಂದ. ಬೆಟ್ಟದ ಸಣ್ಣ ತುಣುಕೂ ಇಡೀ ಬೆಟ್ಟದಂತೆಯೇ ಒರಟಾಗಿರುತ್ತದೆ ಎಂಬ ಬೆನ್ವಾ ಮ್ಯಾಂಡೆಲ್‌ಬ್ರಾಟ್‌ನ ಫ್ರ್ಯಾಕ್ಟಲ್ ಗಣಿತವನ್ನು ಓದಿದ ಲೋರೆನ್ ಕಾರ್ಪೆಂಟರ್, 1980ರಲ್ಲಿ 'ವೋಲ್ ಲೀಬ್ರ್' ಎಂಬ ಎರಡು ನಿಮಿಷದ ಚಿತ್ರದಲ್ಲಿ ಕಂಪ್ಯೂಟರ್ ಕಟ್ಟಿದ ಪರ್ವತಗಳ ಮೇಲೆ ನೋಡುಗರನ್ನು ಹಾರಿಸಿದ. ಕೆನ್ ಪರ್ಲಿನ್ 1980ರ ದಶಕದ ಮೊದಲಲ್ಲಿ ರೂಪಿಸಿ 1985ರಲ್ಲಿ ಪ್ರಕಟಿಸಿದ, ಯಾದೃಚ್ಛಿಕವಾದರೂ ನುಣುಪಾದ ಏರಿಳಿತಗಳನ್ನು ಹುಟ್ಟಿಸುವ ನಾಯ್ಸ್ ವಿಧಾನ ಇಂದಿಗೂ ಬಹುಪಾಲು ಭೂರಚನಾ ತಂತ್ರಾಂಶಗಳ ಬುನಾದಿ. ಆದರೂ ಹೀಗೆ ಕಟ್ಟಿದ ಪರ್ವತಗಳಲ್ಲಿ ಹೊಳೆಗಳಿರಲಿಲ್ಲ. 1989ರಲ್ಲಿ ಕೆನ್ ಮಸ್‌ಗ್ರೇವ್, ಕ್ರೇಗ್ ಕೋಲ್ಬ್ ಮತ್ತು ರಾಬರ್ಟ್ ಮೇಸ್ ಫ್ರ್ಯಾಕ್ಟಲ್ ನೆಲದ ಮೇಲೆ ಮಳೆ ಸುರಿಸಿ ಸವೆಸುವ ಲೆಕ್ಕವನ್ನು ಮುಂದಿಟ್ಟರು. ಇಂದಿನ ವರ್ಲ್ಡ್ ಮಷೀನ್, ಗಯಾ, ಹೌಡಿನಿ ಮುಂತಾದ ತಂತ್ರಾಂಶಗಳ ಸವಕಳಿ ಸಾಧನಗಳು ಈ ಪರಂಪರೆಯವು.

ನೆಲವನ್ನು ಶೇಖರಿಸಿಡುವ ಅತ್ಯಂತ ಸರಳ ಕ್ರಮ ಚೌಕಜಾಲ. ಸಮ ಅಂತರದ ಚೌಕಗಳಲ್ಲಿ ಒಂದೊಂದಕ್ಕೆ ಒಂದೊಂದು ಎತ್ತರ ಇರುತ್ತದೆ. ಅದನ್ನು ಕಪ್ಪು ಬಿಳುಪಿನ ಚಿತ್ರವಾಗಿ ಉಳಿಸಿದರೆ ಹೈಟ್‌ಮ್ಯಾಪ್ ಆಗುತ್ತದೆ, ಬೆಳ್ಳಗಿದ್ದಷ್ಟೂ ಎತ್ತರ. ಇಲ್ಲಿ ಹೊಸಬರು ಎಡವುವುದು ಸಂಖ್ಯೆಯ ಅಗಲದಲ್ಲಿ. 8 ಬಿಟ್ ಚಿತ್ರದಲ್ಲಿ 256 ಮಟ್ಟಗಳು ಮಾತ್ರ ಇರುತ್ತವೆ. ಸಮುದ್ರಮಟ್ಟದಿಂದ ಮುಳ್ಳಯ್ಯನಗಿರಿಯ ತುದಿಯವರೆಗಿನ ಸುಮಾರು 1,930 ಮೀಟರನ್ನು ಅಷ್ಟರಲ್ಲೇ ಹಂಚಿದರೆ ಒಂದೊಂದು ಮೆಟ್ಟಿಲು ಏಳೂವರೆ ಮೀಟರಿನಷ್ಟಾಗಿ, ನುಣುಪಾದ ಇಳಿಜಾರೆಲ್ಲ ಗದ್ದೆಯ ಮಡಿಗಳಂತೆ ಕಾಣುತ್ತದೆ. 16 ಬಿಟ್‌ನಲ್ಲಿ 65,536 ಮಟ್ಟಗಳಿರುವುದರಿಂದ ಮೆಟ್ಟಿಲು 3 ಸೆಂಟಿಮೀಟರಿಗಿಂತ ಕಡಿಮೆ. ತಿದ್ದುವ ಕೆಲಸ ನಡೆದಿರುವಾಗ ದಶಮಾಂಶವನ್ನೂ ಉಳಿಸಿಕೊಳ್ಳುವ 32 ಬಿಟ್ ಸಂಖ್ಯೆಗಳನ್ನೇ ಇಟ್ಟುಕೊಂಡು, ಕೊನೆಯಲ್ಲಿ ಮಾತ್ರ 16 ಬಿಟ್‌ಗೆ ಇಳಿಸುವುದು ರೂಢಿ.

ಚೌಕಜಾಲದ ಇನ್ನೊಂದು ಮಿತಿ ಕಡಿದಾದ ಜಾಗಗಳಲ್ಲಿ ಎದ್ದುಕಾಣುತ್ತದೆ. ಜೋಗದಲ್ಲಿ ಶರಾವತಿ 253 ಮೀಟರ್ ಕೆಳಕ್ಕೆ ಬೀಳುತ್ತದೆ. 90 ಮೀಟರ್ ಚೌಕದ ಮಾದರಿಯಲ್ಲಿ ಆ ಇಳಿತ ಕನಿಷ್ಠ ಒಂದು ಚೌಕದ ಅಂತರಕ್ಕೆ ಹರಡಿಕೊಳ್ಳುವುದರಿಂದ ಬಂಡೆಯ ಗೋಡೆ ಸುಮಾರು 70 ಡಿಗ್ರಿಯ ಇಳಿಜಾರಾಗುತ್ತದೆ. 30 ಮೀಟರ್ ಚೌಕದಲ್ಲಿ 83 ಡಿಗ್ರಿಯವರೆಗೆ ಏರಬಹುದು. ಸರಾಸರಿ ತೆಗೆಯುವಾಗ ಎರಡು ಮೂರು ಚೌಕಗಳು ಸೇರಿಕೊಂಡರೆ ಅದೂ ಉಳಿಯದು. ಎಷ್ಟು ಸಣ್ಣ ಚೌಕ ತೆಗೆದುಕೊಂಡರೂ ಒಂದು ಜಾಗಕ್ಕೆ ಒಂದೇ ಎತ್ತರ ಎಂಬ ನಿಯಮ ಇರುವ ತನಕ ನೇರ ಗೋಡೆ ಈ ಕ್ರಮಕ್ಕೆ ಎಟುಕುವುದಿಲ್ಲ.

ಎಂಜಿನಿಯರಿಂಗ್ ತಂತ್ರಾಂಶಗಳು ಹೆಚ್ಚಾಗಿ ನೆಚ್ಚಿಕೊಂಡಿರುವುದು ತ್ರಿಕೋನಜಾಲವನ್ನು. ಅಳೆದ ಬಿಂದುಗಳನ್ನೇ ಮೂಲೆಗಳಾಗಿಸಿ ನೆಲವನ್ನು ತ್ರಿಕೋನಗಳಿಂದ ಹೊದಿಸುವ ಈ ಕ್ರಮವನ್ನು 1970ರ ದಶಕದಲ್ಲಿ ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಥಾಮಸ್ ಪಾಯ್ಕರ್ ಮತ್ತು ಸಂಗಡಿಗರು ಬೆಳೆಸಿದರು. ಯಾವ ಮೂರು ಬಿಂದುಗಳನ್ನು ಜೋಡಿಸಬೇಕು ಎಂಬುದನ್ನು ಸಾಮಾನ್ಯವಾಗಿ ರಷ್ಯದ ಗಣಿತಜ್ಞ ಬೋರಿಸ್ ಡೆಲೋನೆಯ 1934ರ ನಿಯಮ ತೀರ್ಮಾನಿಸುತ್ತದೆ: ಯಾವ ತ್ರಿಕೋನದ ಪರಿವೃತ್ತದೊಳಗೂ ಬೇರೆ ಬಿಂದು ಬರಬಾರದು. ಒಂದು ಚದರ ಕಿಲೋಮೀಟರಿಗೆ ಒಂದು ಮೀಟರ್ ಚೌಕಜಾಲ ಹಾಸಿದರೆ 10 ಲಕ್ಷ ಎತ್ತರಗಳು ಬೇಕು. ಸಪಾಟು ಬಯಲಾದರೆ ತ್ರಿಕೋನಜಾಲಕ್ಕೆ ಅದರ ಅಲ್ಪ ಭಾಗ ಸಾಕು. ಆದರೆ ಡೆಲೋನೆ ನಿಯಮಕ್ಕೆ ಕೆರೆ ಏರಿ, ಕಾಲುವೆಯ ಅಂಚು, ರಸ್ತೆಯ ಬದಿ ಯಾವುದೂ ಗೊತ್ತಿಲ್ಲ. ಏರಿಯ ಈಚೆಯ ಬಿಂದುವನ್ನು ಆಚೆಯ ಬಿಂದುವಿಗೆ ಜೋಡಿಸಿ ಏರಿಯನ್ನೇ ಸೀಳಿಬಿಡಬಹುದು. ಇದನ್ನು ತಡೆಯಲು ಬ್ರೇಕ್‌ಲೈನ್ ಎಂಬ ಗೆರೆಗಳನ್ನು ಕೊಡಬೇಕು. ಯಾವ ತ್ರಿಕೋನವೂ ಅವುಗಳನ್ನು ದಾಟಿಹೋಗುವಂತಿಲ್ಲ. ಸರ್ವೆಯಲ್ಲಿ ಬಿಂದುಗಳು ಎಷ್ಟೇ ದಟ್ಟವಾಗಿದ್ದರೂ ಈ ಗೆರೆಗಳು ಇಲ್ಲದಿದ್ದರೆ ಮಾದರಿ ಕೆಡುತ್ತದೆ. ಅನುಭವಿ ಸರ್ವೆಯರು ಬಯಲಿನ ನಡುವೆ ಬಿಂದುಗಳನ್ನು ಕಡಿಮೆ ಮಾಡಿ ಅಂಚುಗಳಲ್ಲಿ ಹೆಚ್ಚು ತೆಗೆಯುವುದು ಇದಕ್ಕಾಗಿ.

ಅಳತೆಗಳು ಬರುವ ಮೂಲಗಳು ಹಲವು. 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನಗಳ ಯಾನದಲ್ಲಿ ರೇಡಾರ್‌ನಿಂದ ಉತ್ತರ 60 ಡಿಗ್ರಿಯಿಂದ ದಕ್ಷಿಣ 56 ಡಿಗ್ರಿ ಅಕ್ಷಾಂಶದವರೆಗಿನ ನೆಲವನ್ನು ಅಳೆಯಿತು. ಅದರ ಎಸ್‌ಆರ್‌ಟಿಎಂ ದತ್ತಾಂಶ ಈಗ ಸುಮಾರು 30 ಮೀಟರ್ ಚೌಕದಲ್ಲಿ ಉಚಿತವಾಗಿ ಸಿಗುತ್ತದೆ. ಇಸ್ರೊ 2005ರ ಮೇ 5ರಂದು ಹಾರಿಸಿದ ಕಾರ್ಟೊಸ್ಯಾಟ್-1 ಉಪಗ್ರಹ, ಮುಂದಕ್ಕೊಂದು ಹಿಂದಕ್ಕೊಂದು ವಾಲಿದ ಎರಡು ಕ್ಯಾಮೆರಾಗಳಿಂದ 2.5 ಮೀಟರ್ ವಿವರದ ಜೋಡಿ ಚಿತ್ರಗಳನ್ನು ತೆಗೆಯಿತು. ಅವುಗಳಿಂದ ಮಾಡಿದ ಭಾರತದ ಎತ್ತರ ಮಾದರಿಯನ್ನು ಭುವನ್ ಜಾಲತಾಣದಿಂದ ಪಡೆಯಬಹುದು. ಇವೆರಡೂ ಕಾಣುವುದು ಮೇಲ್ಮೈಯನ್ನು. ಪಶ್ಚಿಮಘಟ್ಟದ ದಟ್ಟ ಕಾಡಿನಲ್ಲಿ ಮರದ ನೆತ್ತಿಯ ಎತ್ತರ, ಬೆಂಗಳೂರಿನಲ್ಲಿ ಕಟ್ಟಡಗಳ ಎತ್ತರ ನೆಲದ ಲೆಕ್ಕದಲ್ಲಿ ಸೇರಿಹೋಗುತ್ತದೆ. ಲೈಡಾರ್‌ನ ಲೇಸರ್ ಕಿರಣಗಳಲ್ಲಿ ಕೆಲವು ಎಲೆಗಳ ಸಂದಿಯಿಂದ ನುಸುಳಿ ನೆಲ ಮುಟ್ಟಿ ಮರಳುವುದರಿಂದ ಕಾಡಿನ ಅಡಿಯ ಕೊರಕಲುಗಳೂ ಸಿಗುತ್ತವೆ. ಕಡಿತದ ಲೆಕ್ಕಕ್ಕೆ ಕುಳಿತುಕೊಳ್ಳುವ ಮೊದಲು ಮರ, ಮನೆಗಳನ್ನು ತೆಗೆದುಹಾಕಿ ಬರಿ ನೆಲವನ್ನು ಪಡೆಯಲೇಬೇಕು. ಇಲ್ಲದಿದ್ದರೆ ಎಂಜಿನಿಯರ್ ಕಡಿಯುವುದು ಮರದ ನೆತ್ತಿಯಿಂದ.

ಕೈಯಿಂದ ರೂಪಿಸುವ ಮುಖ್ಯ ಸಾಧನ ಬ್ರಷ್. ತೆರೆಯ ಮೇಲೆ ಅದನ್ನು ಎಳೆದಲ್ಲೆಲ್ಲ ನೆಲ ಏಳುತ್ತದೆ, ಇಳಿಯುತ್ತದೆ, ಮಟ್ಟವಾಗುತ್ತದೆ ಅಥವಾ ಅಕ್ಕಪಕ್ಕದ ಸರಾಸರಿಗೆ ಬಂದು ನುಣುಪಾಗುತ್ತದೆ. ಬ್ರಷ್ಷಿನ ಬಲ ನಡುವಿನಿಂದ ಅಂಚಿಗೆ ಹೇಗೆ ಇಳಿಯುತ್ತದೆ ಎಂಬುದರಲ್ಲಿ ಕೆಲಸದ ಅಂದ ಅಡಗಿದೆ. 100 ಮೀಟರ್ ತ್ರಿಜ್ಯದ ಬ್ರಷ್ಷಿನಿಂದ ನಡುವೆ 20 ಮೀಟರ್ ಎತ್ತಿ, ಬಲವನ್ನು ನೇರ ಗೆರೆಯಲ್ಲಿ ಇಳಿಸಿದರೆ ಸಿಗುವುದು ಶಂಕು: ನೆತ್ತಿಯಲ್ಲಿ ಮೊನೆ, ಬುಡದಲ್ಲಿ ಮಡಿಕೆ, ಎಲ್ಲೆಡೆ ನೂರಕ್ಕೆ ಇಪ್ಪತ್ತರ ಒಂದೇ ಇಳಿಜಾರು. ಎರಡೂ ತುದಿಯಲ್ಲಿ ಸಪಾಟಾಗಿ ನಡುವೆ ಬಾಗುವ ವಕ್ರರೇಖೆಯಲ್ಲಿ ಇಳಿಸಿದರೆ ನೆತ್ತಿ ದುಂಡಗಾಗಿ, ಬುಡ ಬಯಲಿನಲ್ಲಿ ಕರಗುತ್ತದೆ. ಆದರೆ ನಡುವಿನ ಇಳಿಜಾರು ನೂರಕ್ಕೆ ಮೂವತ್ತರವರೆಗೆ ಏರುತ್ತದೆ. ನೋಟಕ್ಕೆ ನಯವಾದದ್ದು ಹತ್ತುವವರಿಗೆ ಕಡಿದಾಗಿರುತ್ತದೆ ಎಂಬುದನ್ನು ಗೇಮ್ ವಿನ್ಯಾಸಕರು ನೆನಪಿಡಬೇಕಾಗುತ್ತದೆ. ಬ್ರಷ್ಷಿನ ಜೊತೆಗೆ ಬಳಸುವ ಮಾಸ್ಕ್ ಇನ್ನೂ ಸೂಕ್ಷ್ಮ ಸಾಧನ. 30 ಡಿಗ್ರಿಗಿಂತ ಕಡಿದಾದ ಜಾಗ, 600 ಮೀಟರಿಗಿಂತ ಮೇಲಿನ ಜಾಗ, ಉತ್ತರಕ್ಕೆ ಮುಖಮಾಡಿದ ಜಾಗ ಎಂದು ಆಯ್ದು ಅಲ್ಲಿ ಮಾತ್ರ ತಿದ್ದುಪಡಿ ನಡೆಯುವಂತೆ ಅದು ಕಟ್ಟು ಹಾಕುತ್ತದೆ.

ವಿಶಾಲ ಪ್ರದೇಶವನ್ನು ಬ್ರಷ್ಷಿನಿಂದ ತುಂಬಲಾಗದು. ಅದಕ್ಕೆ ನಾಯ್ಸ್ ಬೇಕು. 200 ಮೀಟರ್ ಏರಿಳಿತದ ದೊಡ್ಡ ಅಲೆಯ ಮೇಲೆ ಅರ್ಧ ಅಳತೆಯ 100 ಮೀಟರಿನ ಅಲೆ, ಅದರ ಮೇಲೆ 50 ಮೀಟರಿನದು ಎಂದು ಪದರಗಳನ್ನು ಕೂಡಿಸುತ್ತ ಹೋದರೆ ಏಳೆಂಟು ಪದರಗಳಲ್ಲಿ ನಂಬಬಹುದಾದ ಒರಟು ನೆಲ ಸಿದ್ಧವಾಗುತ್ತದೆ. ನಂಬಿಕೆ ದೂರದಿಂದ ನೋಡುವವರೆಗೆ ಮಾತ್ರ. ಅಂಥ ನೆಲವನ್ನು ತಲೆಕೆಳಗು ಮಾಡಿದರೂ ಅದೇ ಬಗೆಯಾಗಿ ಕಾಣುತ್ತದೆ. ಗುಡ್ಡಗಳಿದ್ದಷ್ಟೇ ಗುಂಡಿಗಳೂ ಇರುತ್ತವೆ. ನಿಜವಾದ ನೆಲ ಹಾಗಿಲ್ಲ. ಮಲೆನಾಡಿನ ಯಾವ ಕಣಿವೆಯಲ್ಲಿ ನಿಂತರೂ ಅಲ್ಲಿಂದ ಕೆಳಗಿನ ಕಣಿವೆಗೆ ದಾರಿ ಇದೆ, ಅಲ್ಲಿಂದ ಹೊಳೆಗೆ, ಹೊಳೆಯಿಂದ ನದಿಗೆ. ಏರುಗಳು ಒಂದರಿಂದ ಒಂದು ಬೇರೆಯಾಗಿರಬಹುದು, ತಗ್ಗುಗಳು ಒಂದಕ್ಕೊಂದು ಕೂಡಿಯೇ ಇರುತ್ತವೆ. ಈ ಅಸಮತೆಯನ್ನು ತಂದದ್ದು ನೀರು. ಆದ್ದರಿಂದ ನೀರನ್ನು ಹರಿಸದೆ ಅದನ್ನು ಮಾದರಿಗೆ ತರಲಾಗದು.

ಸವಕಳಿ ಸಾಧನಗಳು ಎರಡು ಕುಲದವು. ಜಲ ಸವಕಳಿಯ ಒಂದು ಪದ್ಧತಿಯಲ್ಲಿ ಲಕ್ಷಾಂತರ ಹನಿಗಳನ್ನು ಒಂದೊಂದಾಗಿ ಬಿಟ್ಟು ಇಳಿಜಾರಿನಲ್ಲಿ ಉರುಳಿಸಲಾಗುತ್ತದೆ. ಹನಿಯ ವೇಗ, ಅದರಲ್ಲಿ ಉಳಿದಿರುವ ನೀರು ಮತ್ತು ಇಳಿಜಾರಿನಿಂದ ಅದು ಹೊರಬಲ್ಲ ಮಣ್ಣಿನ ಪ್ರಮಾಣ ನಿರ್ಧಾರವಾಗುತ್ತದೆ. ಹೊತ್ತಿರುವುದು ಅದಕ್ಕಿಂತ ಕಡಿಮೆಯಿದ್ದರೆ ಹನಿ ನೆಲವನ್ನು ಕೊರೆಯುತ್ತದೆ, ಹೆಚ್ಚಿದ್ದರೆ ಮೆಕ್ಕಲಾಗಿ ಇಳಿಸುತ್ತದೆ. ಹಿಂದಿನ ಹನಿ ಕೊರೆದ ಗೀರಿಗೆ ಮುಂದಿನದು ಬಂದು ಸೇರುವುದರಿಂದ ಗೀರು ಕೊರಕಲಾಗಿ, ಕೊರಕಲು ಹಳ್ಳವಾಗಿ ಬೆಳೆಯುತ್ತದೆ. ಇನ್ನೊಂದು ಪದ್ಧತಿಯಲ್ಲಿ ಪ್ರತಿ ಚೌಕದಲ್ಲೂ ನೀರಿನ ಆಳವನ್ನು ಇಟ್ಟುಕೊಂಡು ನೆರೆಯ ಚೌಕಗಳಿಗೆ ಹರಿವನ್ನು ಲೆಕ್ಕ ಹಾಕಲಾಗುತ್ತದೆ. ಕೆರೆ, ಪ್ರವಾಹಗಳನ್ನು ತೋರಿಸಲು ಇದು ಮೇಲು. ಎರಡನೆಯ ಕುಲ ಉಷ್ಣ ಸವಕಳಿಯದು. ಬಿಸಿಲು, ಚಳಿಗೆ ಒಡೆದ ಬಂಡೆಯ ಚೂರುಗಳು ಜಾರಿ ಬುಡದಲ್ಲಿ ರಾಶಿಬೀಳುವುದನ್ನು ಇದು ಅನುಕರಿಸುತ್ತದೆ. ನೆರೆಯ ಚೌಕದೊಡನೆ ಇರುವ ಇಳಿಜಾರು ಒಂದು ಮಿತಿಯನ್ನು ದಾಟಿದರೆ ಹೆಚ್ಚಿನ ಪಾಲು ಕೆಳಗಿನ ಚೌಕಕ್ಕೆ ಹೋಗುತ್ತದೆ. ಒಣ ಮರಳಿಗೆ ಆ ಮಿತಿ 30ರಿಂದ 35 ಡಿಗ್ರಿಯ ಆಸುಪಾಸು. ಚೌಕದ ಅಳತೆ ಬದಲಾದರೆ ಇವೆಲ್ಲವುಗಳ ಫಲವೂ ಬದಲಾಗುತ್ತದೆ ಎಂಬುದು ಈ ಸಾಧನಗಳ ದೊಡ್ಡ ತೊಡಕು. ಒರಟು ಜಾಲದಲ್ಲಿ ಚೆನ್ನಾಗಿ ಕಂಡ ಕಣಿವೆ, ಅದೇ ಅಂಕಿಗಳಿಂದ ಸಣ್ಣ ಜಾಲದಲ್ಲಿ ಓಡಿಸಿದಾಗ ತೆಳ್ಳನೆಯ ಗೀರುಗಳಾಗಿ ಒಡೆಯಬಹುದು.

ಭೂವಿಜ್ಞಾನಿಗಳು ಇದಕ್ಕಿಂತ ದೊಡ್ಡ ಕಾಲಮಾನವನ್ನು ಹಿಡಿಯುತ್ತಾರೆ. ನದಿ ತನ್ನ ತಳವನ್ನು ಕೊರೆಯುವ ವೇಗವನ್ನು ಅದರ ಮೇಲಿನ ಜಲಾನಯನದ ವಿಸ್ತಾರ ಮತ್ತು ಆ ಜಾಗದ ಇಳಿಜಾರಿನಿಂದ ಅಂದಾಜಿಸುವ ನಿಯಮವೊಂದಿದೆ. ನೆಲ ಕೆಳಗಿನಿಂದ ಮೇಲೇಳುವ ವೇಗವನ್ನೂ ಇದರ ಜೊತೆ ಕೊಟ್ಟರೆ ಬರಿ ಬಯಲಿನಿಂದ ಕವಲೊಡೆದ ಕಣಿವೆಗಳ ಪರ್ವತಶ್ರೇಣಿ ಮೂಡುತ್ತದೆ. 2016ರ ಸುಮಾರಿಗೆ ಈ ಲೆಕ್ಕವನ್ನು ಚಿತ್ರರಚನೆಯ ಸಂಶೋಧಕರೂ ಕೈಗೆತ್ತಿಕೊಂಡರು. ದೊಡ್ಡ ಭೂಭಾಗಗಳಿಗೆ ನಾಯ್ಸ್‌ಗಿಂತ ಇದು ಎಷ್ಟೋ ಉತ್ತಮ ಆರಂಭ.

ತಿದ್ದಿದ ನೆಲವನ್ನು ಪರೀಕ್ಷಿಸಲು ಜಲಶಾಸ್ತ್ರದಿಂದ ಬಂದ ಸಾಧನಗಳಿವೆ. ಪ್ರತಿ ಚೌಕದ ನೀರನ್ನು ಎಂಟು ನೆರೆಯ ಚೌಕಗಳಲ್ಲಿ ಅತ್ಯಂತ ಕಡಿದಾದ ಕಡೆಗೆ ಕಳಿಸುವ ಕ್ರಮವನ್ನು 1984ರಲ್ಲಿ ಓಕ್ಯಾಲಗನ್ ಮತ್ತು ಮಾರ್ಕ್ ಮುಂದಿಟ್ಟರು. ಎಲ್ಲ ಕಡೆಯೂ ಎತ್ತರವಿರುವ ಗುಂಡಿ ಸಿಕ್ಕಲ್ಲಿ ಹರಿವು ನಿಂತುಬಿಡುತ್ತದೆ. ಗುಂಡಿಗಳನ್ನು ಅವುಗಳ ಅಂಚಿನ ಅತಿ ತಗ್ಗಿನ ಮಟ್ಟದವರೆಗೆ ತುಂಬುವುದು ಒಂದು ಪರಿಹಾರ, ಅಂಚನ್ನು ಕೊರೆದು ದಾರಿ ಬಿಡಿಸುವುದು ಇನ್ನೊಂದು. ಗ್ರಾಸ್, ಕ್ಯೂಜಿಐಎಸ್‌ನಂಥ ಮುಕ್ತ ತಂತ್ರಾಂಶಗಳಲ್ಲಿ ಎರಡೂ ದೊರೆಯುತ್ತವೆ. ಕರ್ನಾಟಕದ ಬಯಲುಸೀಮೆಯಲ್ಲಿ ಇವನ್ನು ಕಣ್ಣುಮುಚ್ಚಿ ಓಡಿಸುವಂತಿಲ್ಲ. ಅಲ್ಲಿ ಕೆರೆಯಿಂದ ಕೆರೆಗೆ ನೀರು ಹಾಯುವ ಸರಪಳಿಗಳಿವೆ. ಏರಿ ನೀರನ್ನು ತಡೆಯುತ್ತದೆ, ಹೆಚ್ಚಾದದ್ದು ಕೋಡಿಯಿಂದ ಹೊರಬಿದ್ದು ಕೆಳಗಿನ ಕೆರೆ ಸೇರುತ್ತದೆ. 30 ಮೀಟರ್ ಚೌಕದಲ್ಲಿ ಕೋಡಿ ಕಾಣುವುದಿಲ್ಲ, ಏರಿಯೇ ಅರೆಬರೆ. ತಂತ್ರಾಂಶ ತನಗೆ ತಗ್ಗಾಗಿ ಕಂಡಲ್ಲಿ ಏರಿಯನ್ನು ಕೊರೆದು ಹಳ್ಳ ಹರಿಸುತ್ತದೆ, ಅದರ ಮುಂದಿನ ಇಡೀ ಹರಿವು ತಪ್ಪು ಪಾತ್ರಕ್ಕೆ ಬೀಳುತ್ತದೆ. ಕೋಡಿ, ತೂಬು, ರಾಜಕಾಲುವೆಗಳನ್ನು ಸ್ಥಳದಲ್ಲಿ ಗುರುತಿಸಿ ಮಾದರಿಯಲ್ಲಿ ಕೈಯಾರೆ ಕೊರೆಯುವುದೊಂದೇ ಸರಿಯಾದ ಕ್ರಮ.

ಗುಹೆ, ಸುರಂಗ, ಚಾಚುಬಂಡೆಗಳಿಗೆ ಬೇರೆ ವ್ಯವಸ್ಥೆ ಬೇಕು. ಉತ್ತರ ಕನ್ನಡದ ಯಾಣದ ಶಿಖರಗಳಲ್ಲಿ ಬಂಡೆಯ ಕೆಳಗೆ ಪೊಳ್ಳು, ಪೊಳ್ಳಿನ ಕೆಳಗೆ ನೆಲ ಇದೆ. ಒಂದೇ ಜಾಗಕ್ಕೆ ಮೂರು ಎತ್ತರಗಳಾದವು. ಇಂಥಲ್ಲಿ ಜಾಗವನ್ನು ಸಣ್ಣ ಘನಗಳಾಗಿ ವಿಂಗಡಿಸಿ ಪ್ರತಿಯೊಂದರಲ್ಲೂ ಕಲ್ಲಿದೆಯೋ ಗಾಳಿಯಿದೆಯೋ ಎಂದು ಬರೆದಿಡುವ ವೋಕ್ಸೆಲ್ ಕ್ರಮ ಬಳಕೆಯಾಗುತ್ತದೆ. ಅವುಗಳ ಗಡಿಯನ್ನು ನುಣುಪಾದ ಮೇಲ್ಮೈಯಾಗಿಸಲು ಲೋರೆನ್ಸನ್ ಮತ್ತು ಕ್ಲೈನ್ 1987ರಲ್ಲಿ ಪ್ರಕಟಿಸಿದ ಮಾರ್ಚಿಂಗ್ ಕ್ಯೂಬ್ಸ್ ವಿಧಾನವಿದೆ. ಸ್ಮರಣೆಯ ಖರ್ಚು ದೊಡ್ಡದು: ಅಳತೆಯನ್ನು ಅರ್ಧಕ್ಕಿಳಿಸಿದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ, ಘನಗಳು ಎಂಟು ಪಟ್ಟು. ಹಾಗಾಗಿ ಬಹಳ ಮಂದಿ ಇಡೀ ನೆಲವನ್ನು ಚೌಕಜಾಲದಲ್ಲೇ ಇಟ್ಟು, ಗುಹೆಯ ಬಾಯಲ್ಲಿ ತೂತು ತೆಗೆದು ಒಳಭಾಗವನ್ನು ಬೇರೆ ಆಕೃತಿಯಾಗಿ ಜೋಡಿಸುತ್ತಾರೆ.

ಎಂಜಿನಿಯರಿಂಗ್ ಕಡಿತ ಶುರುವಾಗುವುದು ರಸ್ತೆಯ ಮಧ್ಯರೇಖೆಯಿಂದ. ಸಿವಿಲ್ 3ಡಿ, ಓಪನ್‌ರೋಡ್ಸ್ ಮುಂತಾದ ತಂತ್ರಾಂಶಗಳಲ್ಲಿ ಮಧ್ಯರೇಖೆಗೂ ಅದರ ಏರಿಳಿತಕ್ಕೂ ರಸ್ತೆಯ ಅಡ್ಡಛೇದವನ್ನು ಪೋಣಿಸಲಾಗುತ್ತದೆ. ಆ ಅಡ್ಡಛೇದದ ಅಂಚಿನಿಂದ ಕೊಟ್ಟ ಇಳಿಜಾರಿನಲ್ಲಿ ಒಂದು ಗೆರೆ ಹೊರಟು ಮೂಲ ನೆಲವನ್ನು ಮುಟ್ಟುವವರೆಗೆ ಹೋಗುತ್ತದೆ. ನೆಲ ಮೇಲಿದ್ದರೆ ಕಟಿಂಗ್, ಕೆಳಗಿದ್ದರೆ ಒಡ್ಡು. ಘಟ್ಟದಲ್ಲಿ ಈ ಸರಳ ನಿಯಮ ಎಷ್ಟು ಬೇಗ ಹದ ತಪ್ಪುತ್ತದೆ ಎಂಬುದಕ್ಕೆ ಒಂದು ಲೆಕ್ಕ ಸಾಕು. 30 ಡಿಗ್ರಿ ಇಳಿಜಾರಿನ ಗುಡ್ಡದ ಮೈಯಲ್ಲಿ 10 ಮೀಟರ್ ಅಗಲದ ರಸ್ತೆಯನ್ನು ಪೂರ್ತಿ ಕಡಿದೇ ಮಾಡಿ, ಒಳಬದಿಯ ದರೆಯನ್ನು 45 ಡಿಗ್ರಿಗೆ ನಿಲ್ಲಿಸಿದರೆ ದರೆಯ ಎತ್ತರ ಸುಮಾರು 13.7 ಮೀಟರ್ ಆಗುತ್ತದೆ. ಗುಡ್ಡ 35 ಡಿಗ್ರಿಯದಾದರೆ ಅದೇ ರಸ್ತೆಗೆ 23 ಮೀಟರಿಗಿಂತ ಎತ್ತರದ ದರೆ. ಐದು ಡಿಗ್ರಿಯ ಅಂತರ ಎತ್ತರವನ್ನು ಸುಮಾರು 1.7 ಪಟ್ಟು ಮಾಡಿತು. ಹೊರಬದಿಯಲ್ಲಿ ಒಂದು ಮೀಟರ್ ಇಳಿತಕ್ಕೆ ಒಂದೂವರೆ ಮೀಟರ್ ಹೊರಚಾಚಿನ ಒಡ್ಡು ಹಾಕಿದರೆ ಅದರ ಇಳಿಜಾರು 34 ಡಿಗ್ರಿಗೂ ತುಸು ಕಡಿಮೆ. 35 ಡಿಗ್ರಿಯ ಗುಡ್ಡವನ್ನು ಅದು ಮುಟ್ಟುವುದೇ ಇಲ್ಲ. ತಂತ್ರಾಂಶ ದೋಷ ತೋರಿಸಿ ನಿಂತಾಗ ತಪ್ಪು ಅದರದ್ದಲ್ಲ. ಅಲ್ಲಿ ತಡೆಗೋಡೆಯೋ ಸೇತುವೆಯೋ ಬೇಕು.

ಮಣ್ಣಿನ ಗಾತ್ರವನ್ನು ಎರಡು ಅಡ್ಡಛೇದಗಳ ಸರಾಸರಿಯನ್ನು ನಡುವಿನ ಅಂತರದಿಂದ ಗುಣಿಸಿ ತೆಗೆಯುವುದು ಹಳೆಯ ಪದ್ಧತಿ. ತಳದಲ್ಲಿ 10 ಮೀಟರ್ ಅಗಲ, ಬದಿಗಳು 45 ಡಿಗ್ರಿ, ಆಳ ಒಂದು ಕಡೆ 6 ಮೀಟರ್, 20 ಮೀಟರ್ ಆಚೆ 4 ಮೀಟರ್ ಇದ್ದರೆ ಛೇದಗಳ ವಿಸ್ತೀರ್ಣ 96 ಮತ್ತು 56 ಚದರ ಮೀಟರ್, ಗಾತ್ರ 1,520 ಘನ ಮೀಟರ್. ನಡುವಿನ ಛೇದವನ್ನೂ ಸೇರಿಸುವ ಪ್ರಿಸ್ಮಾಯ್ಡಲ್ ಸೂತ್ರ 1,507 ಕೊಡುತ್ತದೆ. ಎರಡು ತ್ರಿಕೋನಜಾಲಗಳನ್ನು ಒಂದರ ಮೇಲೊಂದು ಇಟ್ಟು ಕಳೆಯುವ ಈಗಿನ ಕ್ರಮದಲ್ಲಿ ಇಂಥ ಅಂತರ ಉಳಿಯುವುದಿಲ್ಲ. ಅಗೆದ ಮಣ್ಣು ಸಡಿಲಗೊಂಡು ಉಬ್ಬುವುದನ್ನು ಮಾತ್ರ ಪ್ರತ್ಯೇಕವಾಗಿ ಸೇರಿಸಬೇಕು. ಕಾಲು ಪಾಲು ಉಬ್ಬುತ್ತದೆ ಎಂದು ಹಿಡಿದರೆ ಆ 1,520 ಘನ ಮೀಟರ್ ಲಾರಿಗಳಲ್ಲಿ 1,900 ಆಗುತ್ತದೆ.

ಆಕಾರದ ಲೆಕ್ಕ ಸರಿಯಾದ ಮಾತ್ರಕ್ಕೆ ದರೆ ನಿಲ್ಲುತ್ತದೆ ಎಂದಲ್ಲ. ಕರಾವಳಿ ಕರ್ನಾಟಕದ ಗುಡ್ಡಗಳಲ್ಲಿ ಮೇಲೆ ಗಟ್ಟಿಯಾದ ಮುರಕಲ್ಲು, ಅದರಡಿ ಒದ್ದೆಯಾದರೆ ಬಲ ಕಳೆದುಕೊಳ್ಳುವ ಶೇಡಿ ಮಣ್ಣು ಇರುತ್ತದೆ. ಬುಡವನ್ನು ಕಡಿದಾಗ ಬಯಲಿಗೆ ಬರುವುದು ಈ ಮೆದು ಪದರವೇ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಭಾರಿ ಮಳೆಗೆ ಕುಸಿದು ಜೀವಗಳು ಹೋದವು. ಭೂಮಾದರಿಯಲ್ಲಿ ಎತ್ತರ ಇದೆ. ಮಣ್ಣಿನ ಬಲ, ಪದರಗಳ ವಾಲು, ಒಳಗೆ ನಿಂತ ನೀರಿನ ಒತ್ತಡ ಇಲ್ಲ. ಅವನ್ನು ಬೋರ್‌ಹೋಲ್‌ಗಳಿಂದ ಪಡೆದು ಇಳಿಜಾರಿನ ಸ್ಥಿರತೆಯ ಪ್ರತ್ಯೇಕ ವಿಶ್ಲೇಷಣೆ ಮಾಡಬೇಕು. ದರೆಯನ್ನು ಮೆಟ್ಟಿಲುಗಳಾಗಿ ಒಡೆಯುವುದು, ನೆತ್ತಿಯ ಮೇಲೆ ನೀರನ್ನು ಅಡ್ಡಹಾಯಿಸುವ ಚರಂಡಿ ತೆಗೆಯುವುದು ಮಾದರಿಯಲ್ಲೇ ಸೇರಬೇಕಾದ ಕೆಲಸಗಳು. ವೆಚ್ಚ ಉಳಿಸಲು ಮೊದಲು ಕೈಬಿಡುವುದೂ ಇವನ್ನೇ, ಬಿಡಬಾರದವೂ ಇವೇ.

ಮುಗಿದ ವಿನ್ಯಾಸ ಈಗ ಕಾಗದದ ಮೂಲಕವಲ್ಲದೆ ನೇರವಾಗಿ ಯಂತ್ರಕ್ಕೂ ಹೋಗುತ್ತದೆ. ಉಪಗ್ರಹ ಸಂಕೇತ ಹಿಡಿಯುವ ಸಾಧನ ಅಳವಡಿಸಿದ ಬುಲ್ಡೋಜರ್, ಗ್ರೇಡರ್‌ಗಳು ವಿನ್ಯಾಸದ ತ್ರಿಕೋನಜಾಲವನ್ನು ಓದಿಕೊಂಡು ಅಲಗನ್ನು ಬೇಕಾದ ಎತ್ತರಕ್ಕೆ ತಾವೇ ಏರಿಳಿಸುತ್ತವೆ. ಅಗೆತದ ನಡುವೆ ಡ್ರೋನ್ ಹಾರಿಸಿ ಹೊಸ ನೆಲವನ್ನು ಅಳೆದು ವಿನ್ಯಾಸದಿಂದ ಕಳೆದರೆ, ಇನ್ನೂ ಕಡಿಯಬೇಕಾದ ಜಾಗ ಒಂದು ಬಣ್ಣದಲ್ಲಿ, ಹೆಚ್ಚಾಗಿ ಕಡಿದುಹೋದ ಜಾಗ ಇನ್ನೊಂದು ಬಣ್ಣದಲ್ಲಿ ಮೂಡುತ್ತದೆ. ಗುತ್ತಿಗೆದಾರರ ಬಿಲ್ಲಿಗೂ ಮುಂದಿನ ವಾರದ ಕೆಲಸಕ್ಕೂ ಅದೇ ನಕ್ಷೆ ಆಧಾರವಾಗುತ್ತದೆ.